ಶುರು ಆಗೂಮುಂದ ಒಂದು ಮಾತು

ಕಂಪ್ಯೂಟರ್ ಮುಂದ ಕುಂತವ್ರಿಗೆ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ಲ. ನಾ ಡಿಗ್ರಿ ಅರ್ಧಕ್ಕ ಬಿಟ್ಟು ಸೇಡಂದಾಗ ಒಂದು ಟೈಪಿಂಗ್ ಸೆಂಟರ್ ಸೇರಿದೆ, ಫಜೀತಿನೇ ನೌಕರಿ ಆತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನನಗ ಬರ್ತಿದ್ದ ವಿದ್ಯಾ ಒಂದೇ: ಟೈಪಿಂಗ್ ಸಾಫ್ಟ್‌ವೇರ್ ಶುರು ಆಗೂಮುಂದ ಯಾವ ಫೋಟೋ, ಯಾವ ಸಪ್ಪಳ, ಯಾವ ಮಾತು ಬರಬೇಕು ಅಂತ ಬದಲಿ ಮಾಡೋದು.

ಗಂಟಿ

ಮಾಲಕ್ರು ಆಚಾರ್ರು. ಗುಡಿ ಪೂಜಿ ಮುಗಿಸೇ ಅಂಗಡಿಗೆ ಬರೋರು. "ದೇವ್ರ ದರ್ಶನ ಇಲ್ದ ಮಷಿನ್ ಶುರು ಆಗಬಾರ್ದು ನೋಡೋ," ಅಂದ್ರು. ವೆಂಕಟರಮಣನ ಫೋಟೋ ಹಾಕಿ, ಗಂಟಿ ಸಪ್ಪಳಾನೂ ಹಚ್ಚಿದೆ. ಕರೆಂಟ್ ತಾಸಿಗೊಮ್ಮೆ ಹೋಗೋದು. ಬಂದಾಗೊಮ್ಮೆ ಸಾಫ್ಟ್‌ವೇರ್ ಚಾಲೂ, ಢಣ್ ಢಣ್. ಬಾಜೂ ಮನಿ ಅಜ್ಜಿ ಬಾಗಿಲದಾಗ ಬಂದು ನಿಂತ್ಲು: "ಆಚಾರ್ರ, ಮುಂಜಾನಿಂದ ಬರೇ ಗಂಟಿನೇ ಹೊಡೀಲಿಕತ್ತೀರಿ, ಪ್ರಸಾದ ಯಾವಾಗ್ರಿ?"

ಚಪ್ಪಲಿ

ಪರದೆ ಮ್ಯಾಲ ದೇವ್ರು ಬಂದ ಮ್ಯಾಲ ಎಲ್ಲಾರೂ ಚಪ್ಪಲಿ ಹೊರಗ ಬಿಡೋರು. ಚಿಮ್ಮನಚೋಡದಿಂದ ಬಸ್ ಹಿಡಿದು ಒಬ್ಬಾಕಿ ಟೈಪಿಂಗ್ ಕಲೀಲಿಕ್ಕ ಬರ್ತಿದ್ಲು. ಒಂದಿನ ಅಕಿ ಚಪ್ಪಲಿ ನಾಯಿ ಕಚಗೊಂಡು ಓಡ್ತು. ಬಸ್‌ಸ್ಟ್ಯಾಂಡ್ ತನಕ ನಾನೂ ಹಿಂದೇ ಓಡಿ, ಕಸಗೊಂಡು ತಂದೆ. ಏದುಸಿರು ಬಿಡ್ಕೋತ ಮುಂದಿಟ್ರ ಅಕಿ ಅಂದ್ಲು, "ಡಿಗ್ರಿ ಹಿಂದ ಹಿಂಗ ಓಡಿದ್ರ ಯಾವಾಗೋ ಮುಗೀತಿತ್ತಲ್ರಿ!"

ಆ ನಗು ನೋಡಿದಾಗಿಂದ ನನಗ ಬಸ್ಸಿನ ಟೈಮ್ ಬಿಟ್ಟು ಬ್ಯಾರೆ ಏನೂ ನೆನಪಿರ್ಲಿಲ್ಲ.

ಜವಾಬು

ಅಕಿ ಕೋರ್ಸ್ ಮುಗೀಲಿಕ್ಕ ಬಂತು. ಬಾಯಿಲೆ ಹೇಳೋ ಧೈರ್ಯ ನನಗೆಲ್ಲಿದು? ದೇವ್ರ ಫೋಟೋ ಕೆಳಗ ಒಂದು ಸಾಲು ಹಾಕಿದೆ: "ಬಂದ್ರೇನು? ನಿಮ್ಮ ದಾರಿನೇ ನೋಡಾಕತ್ತಿದ್ದೆ."

ಅಕಿ ಬರೋಕಿಂತ ಮೊದಲ ಆಚಾರ್ರು ಮಷಿನ್ ಹಚ್ಚಿದ್ರು. ಅವ್ರು ಕನ್ನಡಕ ಒರೆಸ್ಕೊಂಡು, "ಏ, ನಮ್ಮ ಮನ್ಯಾಗ ಸುದ್ದಾ ಯಾರೂ ಹಿಂಗ ಕೇಳಂಗಿಲ್ಲೋ!" ಅಂತ ಬಂದ ಗಿರಾಕಿಗೆಲ್ಲಾ ತೋರಿಸಿದ್ರು. ಅಕಿಗೂ ತೋರಿಸಿದ್ರು. ಅಕಿ ಓದಿದ್ಲು, ನನ್ನ ಕಡಿ ಒಮ್ಮೆ ನೋಡಿದ್ಲು, ಟೈಪ್ ಮಾಡ್ಲಿಕ್ಕ ಕುಂತ್ಲು.

ಕೋರ್ಸ್ ಮುಗಿಸಿ ಅಕಿ ಹೋದ ಮರುದಿನ ಸಾಫ್ಟ್‌ವೇರ್ ಶುರು ಆತು. ಗಂಟಿ, ವೆಂಕಟರಮಣ, ಕೆಳಗ ಹೊಸ ಸಾಲು: "ದಾರಿ ನೋಡಿದ್ದು ಸಾಕು. ಮೊದಲ ಕಾಲೇಜಿಗೆ ಹೋಗ್ರಿ."

ಬದಲಿ ಮಾಡೋದು ಅಕಿಗೆ ಕಲಿಸಿದವ ನಾನೇ.

ಆಚಾರ್ರು ಗಾಬರಿಯಾದ್ರು. "ಈ ವಯಸ್ಸಿನಾಗ ನನಗ ಯಾವ ಕಾಲೇಜಿನಾಗ ತಗೋತಾರೋ?"

"ತಗದು ಬಿಡ್ಲೇನ್ರಿ?" ಅಂದೆ.

"ಬ್ಯಾಡ ಬ್ಯಾಡ. ಒಬ್ಬರಾದ್ರೂ ನನ್ನ ಕಾಳಜಿ ಮಾಡಾಕತ್ತಾರಲ್ಲ, ಇರ್ಲಿ."

ನನಗೂ ತಗೀಲಿಕ್ಕ ಕೈ ಬರ್ಲಿಲ್ಲ. ಆ ಮಷಿನ್ ಕೆಡೋತನ, ಕರೆಂಟ್ ಬಂದಾಗೊಮ್ಮೆ ಗಂಟಿ ಹೊಡೆದು ಅಕಿ ನನಗ ಬೈಯೋಕಿ. ಕಾಲೇಜಿಗೆ ಮಾತ್ರ ನಾ ಹೋಗ್ಲಿಲ್ಲ. ಹೋದ್ರ ಬೈಸ್ಕೊಳ್ಳಾಕ ಇಲ್ಲಿ ಯಾರಿರ್ತಿದ್ರು, ಆಚಾರ್ರೇನು?