ಗಾಳಿಯಲ್ಲಿ ಇಳಿದ ಮದುವೆ

ತೇರದಾಳದ ರಾವಸಾಹೇಬರು ಆವತ್ತು ದಿನವಿಡೀ ಮಹಡಿಯ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು ಹೈರಾಣಾದದ್ದಕ್ಕೆ ಮೂಲ ಕಾರಣ ಕಿರುಬೆರಳಿನಷ್ಟುದ್ದದ ಒಂದು ಪೆನ್ ಡ್ರೈವ್. ಪೆನ್ ಡ್ರೈವಿನ ತಪ್ಪೇನೂ ಇರಲಿಲ್ಲ. ಹೆಂಡತಿ ತ್ರಿಶಲಾಬಾಯಿ ಅದನ್ನು ಅಳುವ ಕೂಸಿಗೆ ಪೆಪ್ಪರಮಿಂಟು ಕೊಟ್ಟ ಹಾಗೆ ಅವರ ಅಂಗೈಯಲ್ಲಿಟ್ಟದ್ದು ತಪ್ಪಾಯಿತು.

ಹಿಂದಿನ ದಿನ ಚತುರ್ದಶಿ. ಜೈನರ ಮನೆ, ರಾವಸಾಹೇಬರು ಬರೀ ಕಾಸಿದ ನೀರಿನ ಮೇಲೆ ಉಪವಾಸ ಮಾಡಿದ್ದರು. ಈ ದಿನ ಬೆಳಿಗ್ಗೆ ಬಸದಿಗೆ ಹೋಗಿ ಬಂದಾಗಿತ್ತು, ಇನ್ನು ಉಪವಾಸ ಬಿಡುವುದಷ್ಟೇ ಬಾಕಿ. ಒಲೆಯ ಮೇಲಿನ ಹೂರಣದ ವಾಸನೆ ಪಡಸಾಲೆ ದಾಟಿ, ಓಣಿ ದಾಟಿ, ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿತ್ತು.

ಊಟಕ್ಕಿಂತ ಮೊದಲು ಒಂದೇ ಒಂದು ಕೆಲಸವಿತ್ತು. ಮಗಳು ಬ್ರಾಹ್ಮಿಯ ಮದುವೆಯ ವಿಡಿಯೊವನ್ನು ಜಮಖಂಡಿಯ ಸ್ಟುಡಿಯೋದವನು ಬಂದು ಮಹಡಿಯ ಕೋಣೆಯ ಲ್ಯಾಪ್‌ಟಾಪಿಗೆ ಹಾಕಿ ಹೋಗಿದ್ದ. ಅದು ಕೆಳಗೆ ಪಡಸಾಲೆಯ ಕಂಪ್ಯೂಟರಿಗೆ ಇಳಿಯಬೇಕು. ದೊಡ್ಡ ಟಿವಿ ಜೋಡಿಸಿದ್ದು ಅದಕ್ಕೆ. ಮಧ್ಯಾಹ್ನ ಓಣಿಯವರೆಲ್ಲ ನೋಡಲಿಕ್ಕೆ ಬರುವವರು. ಲ್ಯಾಪ್‌ಟಾಪನ್ನೇ ಕೆಳಗೆ ತರೋಣವೆಂದರೆ ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಅದರ ದಪ್ಪ ಪ್ಲಗ್ಗು ಕೂಡುವ ಸಾಕೆಟ್ಟು ಇದ್ದದ್ದು ಮಹಡಿಯಲ್ಲೊಂದೇ. ಮುಧೋಳದ ಬ್ಯಾಂಕಿನಲ್ಲಿರುವ ಮಗ ಪ್ರಥಮ ಕಳೆದ ರವಿವಾರವಷ್ಟೇ ವೈಫೈ ಡಬ್ಬಿ ಕೂಡಿಸಿ, ಮೇಲಿನದಕ್ಕೂ ಕೆಳಗಿನದಕ್ಕೂ ಗಾಳಿಯಲ್ಲೇ ಸಂಬಂಧ ಬೆಳೆಸಿದ್ದ. ಹಟ ಹಿಡಿದು ಆ ಡಬ್ಬಿ ತರಿಸಿದವರು ರಾವಸಾಹೇಬರು.

"ಇದರಾಗ ಹಾಕ್ಕೊಂಡ ಕೆಳಗ ಬರ್ರಿ," ಎಂದರು ತ್ರಿಶಲಾಬಾಯಿ. "ಆ ಡಬ್ಬಿ ನಿಮ್ಮ ಮಾತ ಕೇಳೂವಂಥಾದ್ದಲ್ಲ."

"ಗಾಳಿಯಾಗ ಬರೂದನ್ನ ಕಿಸೇದಾಗ ಹೊತ್ಕೊಂಡ ಬರ್ಲೇನು? ಈಗ ಹಚ್ಚಿ ಬಂದೇನಿ. ಹಸರ ಪಟ್ಟಿ ತುಂಬಾಕತ್ತೈತಿ, ಐದ ಮಿನಿಟ ಅಂತ ತೋರಸಾಕತ್ತೈತಿ. ನೀ ಹೋಳಿಗಿ ಲಟ್ಟಸೂದ್ರಾಗ ನಿನ್ನ ಮಗಳ ಮದವಿ ಕೆಳಗ ಇಳದಿರತೈತಿ."

"ನೋಡೂಣು," ಎಂದರು ತ್ರಿಶಲಾಬಾಯಿ.

ಆ ಒಂದು ಮಾತು ಖಾಲಿ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಡಿದ ಹಾಗೆ ಹತ್ತಿತು. ರಾವಸಾಹೇಬರು ಬಸದಿಯ ದಿಕ್ಕಿಗೆ ತಿರುಗಿ ಕೈಮುಗಿದರು.

"ಪಾರ್ಶ್ವನಾಥ ಸ್ವಾಮಿ ಸಾಕ್ಷಿ! ಈ ಮದವಿ ಗಾಳಿಯಾಗ ಇಳೀಬೇಕು. ಆ ಪಟ್ಟಿ ನೂರು ತುಂಬಿದ್ದ ನನ್ನ ಕಣ್ಣಿಲೆ ನೋಡು ತನಕಾ ಒಂದ ತುತ್ತ ಬಾಯಾಗ ಹಾಕೂದಿಲ್ಲ. ನಿಯಮ ತಗೊಂಡೇನಿ!"

ತ್ರಿಶಲಾಬಾಯಿಯ ಕೈಯಲ್ಲಿನ ಲಟ್ಟಣಿಗೆ ನಿಂತಿತು. ಆ ಮನೆಯಲ್ಲಿ ಜಗಳವಾಡಬಹುದು, ಮಾತು ಬಿಡಬಹುದು, ನಿಯಮ ಮಾತ್ರ ಮುರಿಯುವ ಹಾಗಿಲ್ಲ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವ ಹಾಗೂ ಇಲ್ಲ. ಅಂದರೆ ಇನ್ನು ಹೊತ್ತು ಮುಳುಗುವುದರೊಳಗೆ ಪಟ್ಟಿ ತುಂಬಿದರೆ ಹೋಳಿಗೆ, ಇಲ್ಲವಾದರೆ ಎರಡನೆಯ ದಿನವೂ ಖಾಲಿ ಹೊಟ್ಟೆ. ಐದು ಮಿನಿಟಿನ ಮಾತಿಗೆ ಹೆದರುವುದೇನು ಎಂದುಕೊಂಡು ರಾವಸಾಹೇಬರು ಮಹಡಿ ಹತ್ತಿದರು.

ಐದು ಮಿನಿಟು ಅಲ್ಲಿ ಎರಡು ತಾಸಾಗಿ ಕೂತಿತ್ತು. ಹೊರಟೇ ಬಿಟ್ಟೆವೆಂದು ಫೋನು ಮಾಡಿದ ಬೀಗರು ಇನ್ನೂ ಮನೆಯಲ್ಲೇ ಅಂಗಿ ಹುಡುಕುತ್ತಿರುವ ಹಾಗೆ.

ರಾವಸಾಹೇಬರು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಕೂತು ರಿಟೈರಾದವರು. ಆಯುಷ್ಯವಿಡೀ ಕಬ್ಬಿನ ಗಾಡಿಯವರಿಗೆ "ಪಾಳಿ ಬರೂತನಕ ತಡೀರಿ" ಎಂದು ಹೇಳಿದ್ದೇ ಹೇಳಿದ್ದು. ತಾವು ಪಾಳಿಯಲ್ಲಿ ನಿಂತದ್ದು ಇದೇ ಮೊದಲು. ಕುರ್ಚಿಯಲ್ಲಿ ಕೂತರು, ಎದ್ದರು. ಕಿಟಕಿ ತೆರೆದರು, ಮುಚ್ಚಿದರು. ಹಸಿರು ಪಟ್ಟಿ ಮಾತ್ರ ಬೆಲ್ಲದ ಮೇಲೆ ಇರುವೆ ನಡೆದ ಹಾಗೆ ನಡೆಯುತ್ತಿತ್ತು.

ಎದುರು ಮನೆಯ ಬೋರವ್ವ ವಿಡಿಯೊ ನೋಡಲೆಂದು ಇಲಕಲ್ ಸೀರೆ ಉಟ್ಟು ಆಗಲೇ ಬಂದು ಪಡಸಾಲೆಯ ಮುಂದಿನ ಸಾಲಿನಲ್ಲಿ ಕೂತಿದ್ದಳು. "ಎಲ್ಲಿಗಿ ಬಂತ ರಾವಸಾಬ್ರ?" ಎಂದು ಕೆಳಗಿನಿಂದ ಕೂಗಿದಳು. "ಜಮಖಂಡಿ ಬಿಟ್ಟತೇನು?"

"ಜಮಖಂಡ್ಯಾಗ ಇಲ್ಲಬೇ! ನನ್ನ ಮುಂದನ ಐತಿ!"

"ನಿಮ್ಮ ಮುಂದ ಇದ್ದದ್ದ ಕೆಳಗ ಬರಾಕ ಇಷ್ಟೊತ್ತ? ನಾ ಈ ಮೊಣಕಾಲ ತಗೊಂಡ ಎರಡ ಸರ್ತಿ ಇಳೀತಿದ್ನೆಪಾ."

ಅಷ್ಟರಲ್ಲಿ ಪಕ್ಕದ ಮನೆಯ ಗುರಪ್ಪ ಮೇಲೆ ಬಂದ. ಕಬ್ಬು ಎಳೆಯುವ ಟ್ರ್ಯಾಕ್ಟರ್ ಅವನದು. ಪಟ್ಟಿಯನ್ನು ಇಂಜಿನ್ ನೋಡುವ ಹಾಗೆ ಬಗ್ಗಿ ನೋಡಿದ.

"ಲೋಡ್ ಭಾಳ ಆಗೇತ್ರಿ. ಎರಡ ಟ್ರೇಲರ್ ಮಾಡಿ ಕಳಸ್ರಿ."

"ಮದವಿ ಕಡದ ಎರಡ ಮಾಡ್ಲೇನೋ? ತಾಳಿ ಒಂದ್ರಾಗ, ಅಕ್ಕಿಕಾಳ ಒಂದ್ರಾಗ?"

ಆಗಲೇ ಪಟ್ಟಿಯ ಕೆಳಗಿನ ಅಂಕಿ ಬದಲಾಯಿತು. ಸೆಕೆಂಡಿಗೆ ಎರಡು ಎಂದಿದ್ದದ್ದು ಒಮ್ಮೆಲೇ ಒಂಬೈನೂರು ಆಯಿತು. ಗುರಪ್ಪ ಹೌಹಾರಿದ. "ಎರಡ ಇದ್ದದ್ದ ಒಂಬೈನೂರ! ಟಾಪ್ ಗೇರಿಗಿ ಬಿತ್ತ ನೋಡ್ರಿ!" ರಾವಸಾಹೇಬರು ಮೆಟ್ಟಿಲ ತುದಿಗೆ ಓಡಿ, "ತ್ರಿಶಲಾ, ಹಂಚ ಇಡು!" ಎಂದು ಕೂಗಿ, ಸಂತೋಷಕ್ಕೆ ಮಗನಿಗೂ ಫೋನು ಹಚ್ಚಿದರು.

"ಅಪ್ಪಾ, ಮೊದಲ ಇದ್ದದ್ದ ಎಂಬಿ. ಈಗಿಂದು ಕೇಬಿ," ಎಂದ ಪ್ರಥಮ ಬ್ಯಾಂಕಿನ ಗದ್ದಲದಿಂದ. "ಆಗ ಎರಡ ಟನ್ ಬರಾಕತ್ತಿತ್ತು, ಈಗ ಒಂಬೈನೂರ ಕಿಲೋ. ಅರ್ಧಕ್ಕಿಂತ ಕಡಿಮಿ ಆಗೇತಿ. ನಿಮಗ ಟನ್ನು ಕಿಲೋ ನಾ ಹೇಳಬೇಕೇನು? ಆ ಪೆನ್ ಡ್ರೈವ್ ತಗೊಂಡ..."

ರಾವಸಾಹೇಬರು ಫೋನು ಕಟ್ ಮಾಡಿದರು. ಕೆಳಗೆ ತ್ರಿಶಲಾಬಾಯಿ ಕಾದ ಹಂಚನ್ನು ಮತ್ತೆ ಇಳಿಸಿದ ಸಪ್ಪಳ ಕೇಳಿಸಿತು. ಆ ಸಪ್ಪಳದಲ್ಲಿ ಬೈಗುಳವಿತ್ತು.

ಪವರ್‌ಲೂಮಿನ ಜಕ್ಕಪ್ಪ ಬಂದಾಗ ಪಟ್ಟಿ ಅರ್ಧ ದಾಟಿತ್ತು. ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡಿ ಮಾಡಿ, ಲೋಕದಲ್ಲಿ ನಿಂತದ್ದೆಲ್ಲ ತನ್ನ ಕೈ ತಾಗಿದರೆ ನಡೆಯುತ್ತದೆಂದು ನಂಬಿದವನು. "ಗ್ವಾಡಿ ನೋಡ್ರಿ, ಎರಡ ಮೊಳ ದಪ್ಪ ಐತಿ. ಇದರಾಗ ಹಾಯ್ದ ಬರೂದಂದ್ರ ಹುಡುಗಾಟೇನು? ಡಬ್ಬಿ ಮೆಟ್ಟಲದಾಗ ತಂದ ಹಿಡಿದ್ರ ಸೀದಾ ದಾರಿ ಆಕ್ಕೈತಿ," ಎಂದವನೇ ಕೆಳಗೆ ಹೋಗಿ ಡಬ್ಬಿ ಎತ್ತಿಕೊಂಡ. ಮಾತು ಸರಿಯಾಗಿತ್ತು, ಡಬ್ಬಿಯ ವೈರು ಮಾತ್ರ ಗಿಡ್ಡವಾಗಿತ್ತು. ಮೂರನೇ ಮೆಟ್ಟಿಲಿಗೆ ವೈರು ಕಿತ್ತು ಬಂತು, ಡಬ್ಬಿಯ ದೀಪಗಳೆಲ್ಲ ಆರಿದವು. ಮೇಲೆ ಪಟ್ಟಿ ಮಾಯವಾಯಿತು.

"ಹೋತು!" ಎಂದು ರಾವಸಾಹೇಬರು ಕೂಗಿದ್ದು ಪೇಟೆಯ ತನಕ ಕೇಳಿಸಿತಂತೆ.

ಮತ್ತೆ ಸೊನ್ನೆಯಿಂದ ಶುರು. ಡಬ್ಬಿ ತನ್ನ ಜಾಗಕ್ಕೆ ಹೋಯಿತು, ಜಕ್ಕಪ್ಪನನ್ನು ಅದರಿಂದ ನಾಲ್ಕು ಮಾರು ದೂರ ಕೂಡಿಸಿದರು. ಮಧ್ಯಾಹ್ನವಾಯಿತು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕೂಡಿಸುವುದು ಹೇಗೆಂದು ತ್ರಿಶಲಾಬಾಯಿ ಎಲ್ಲರಿಗೂ ಎಲೆ ಹಾಕಿದರು. ತಾವೂ ಉಂಡರು. ಮೆಟ್ಟಿಲ ಬುಡದಲ್ಲೇ ಕೂತು ಉಂಡರು.

"ನಿನಗ ಹ್ಯಾಂಗ ಇಳೀತ ಗಂಟಲಾಗ?" ಎಂದರು ಮೇಲಿನಿಂದ ರಾವಸಾಹೇಬರು.

"ತುಪ್ಪ ಹಾಕೇನ್ರಿ, ಸರಳ ಇಳೀತು. ನಿಯಮ ತಗೊಂಡಾವ್ರು ನೀವು."

ಹಾಗೆಂದರೂ ಗಂಡನ ಪಾಲಿನ ಎರಡು ಹೋಳಿಗೆಯನ್ನು ತಾಟಿನಲ್ಲಿಟ್ಟು ಬೋಗುಣಿ ಮುಚ್ಚಿ ಬೆಚ್ಚಗಿನ ಒಲೆಯ ಪಕ್ಕದಲ್ಲಿ ಇಟ್ಟಿದ್ದರು.

ಇಳಿಹೊತ್ತಿಗೆ ಪಟ್ಟಿ ತೊಂಬತ್ತು ಮುಟ್ಟಿತು. ಗುರಪ್ಪ ಊಟದ ಅಮಲಿನಲ್ಲಿ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ರಾವಸಾಹೇಬರ ಗಂಟಲು ಒಣಗಿ ಬಂದಿತ್ತು. ನೀರಿಗೆ ನಿಯಮವಿರಲಿಲ್ಲ. ಒಂದು ಲೋಟ ಕುಡಿದು ಬರೋಣವೆಂದು ಇಳಿದರು. ಬೋರವ್ವ ಅಡ್ಡ ಹಾಕಿದಳು.

"ಮದವ್ಯಾಗ ನಾ ಎಲ್ಲಿ ಕುಂತೇನಿ ಅದ್ರಾಗ? ನನ್ನ ಮಾರಿ ತಗದಾರೋ, ಬೆನ್ನ ಅಷ್ಟ ತಗದಾರೋ?"

"ಬಂದಮ್ಯಾಲ ನೋಡಬೇ ಎವ್ವಾ!"

"ಬೆನ್ನ ಅಷ್ಟ ಇದ್ರ ಈಗ ಹೇಳ್ರಿ. ಮನಿಗಿ ಹೋಗ್ತೇನಿ, ಸೀರಿ ಕಳದ ಮಡಚಿ ಇಡ್ತೇನಿ."

ಅವಳನ್ನು ಸಮಾಧಾನ ಮಾಡಿ ಮೇಲೆ ಬರುವಷ್ಟರಲ್ಲಿ ಪರದೆಯ ಮೇಲೆ ಪಟ್ಟಿಯೇ ಇರಲಿಲ್ಲ.

"ಜಕ್ಯಾ! ಮತ್ತ ಕೈ ಹಚ್ಚಿದೇನಲೇ?"

"ನಾ ಕೈ ತೊಳದ ಕುಂತೇನ್ರಿ!" ಎಂದು ಜಕ್ಕಪ್ಪ ತುಪ್ಪದ ಕೈಗಳನ್ನು ಎತ್ತಿ ತೋರಿಸಿದ.

ರಾವಸಾಹೇಬರಿಗೆ ಕಣ್ಣು ಕತ್ತಲಿಟ್ಟಿತು. ಮೂರನೆಯ ಸಲ ಹಚ್ಚಿದರು. ಲ್ಯಾಪ್‌ಟಾಪು ಇಂಗ್ಲಿಷಿನಲ್ಲಿ ಅಡ್ಡ ಬಂದು ಏನೋ ಕೇಳಿತು. ಅದರ ಜೊತೆ ವಾದಿಸುವ ಶಕ್ತಿ ಇರಲಿಲ್ಲ. ಮೊದಲು ಕಂಡ ಗುಂಡಿ ಒತ್ತಿದರು. ಹಸಿರು ಪಟ್ಟಿ ಮತ್ತೆ ಅಂಬೆಗಾಲಿಟ್ಟಿತು.

ಥಂಡಿಯ ದಿನಗಳು, ಹೊತ್ತು ಬೇಗ ಇಳಿಯುತ್ತದೆ. ಬೋರವ್ವ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಂತಳು. ಗುರಪ್ಪ ಎದ್ದು ಪಟ್ಟಿಯ ಮುಂದೆ ಕೂತ. ಈ ಬಾರಿ ಎಲ್ಲ ಬಾಗಿಲು ತೆರೆದಿಟ್ಟಿದ್ದರಿಂದಲೋ, ಓಣಿಯ ಗದ್ದಲ ಇಳಿದದ್ದರಿಂದಲೋ, ಪಟ್ಟಿ ಚುರುಕಾಗಿ ಓಡುತ್ತಿತ್ತು. ತ್ರಿಶಲಾಬಾಯಿ ತಾಟು ತಂದು ಮೆಟ್ಟಿಲ ಬುಡದಲ್ಲಿಟ್ಟು, ನೀರಿನ ಚರಗಿ ಇಟ್ಟು, ಮಣೆಯನ್ನೂ ಹಾಕಿದರು. ರಾವಸಾಹೇಬರು ನಡುವಿನ ಮೆಟ್ಟಿಲಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

"ಎಪ್ಪತ್ತೆಂಟ!" ಎಂದ ಗುರಪ್ಪ.

"ಹೊತ್ತ ಬೇವಿನ ಗಿಡದ ಮ್ಯಾಲೈತಿ!" ಎಂದಳು ಬೋರವ್ವ.

"ಎಂಬತ್ತೈದ!"

"ಗಿಡದ ನಡಕ ಬಂತ!"

"ತೊಂಬತ್ತೊಂದ! ಕೈ ತೊಳಕೋರಿ ಸಾಹೇಬ್ರ!"

ರಾವಸಾಹೇಬರು ಕೈ ತೊಳೆದುಕೊಂಡು ಮೇಲೆ ಓಡಿದರು. ನೂರನ್ನು ತಮ್ಮ ಕಣ್ಣಿನಿಂದಲೇ ನೋಡಬೇಕಲ್ಲ.

"ಹೊತ್ತ ಕಬ್ಬಿನ ಮ್ಯಾಲ ಕುಂತೈತಿ! ಅರ್ಧಾ ಮುಳಗಿತ್ರಿ! ಜರಾ ಜಗ್ಗಿ ಹಿಡೀರೋ ಯಾರರೆ!"

"ತೊಂಬತ್ತಾರ!"

"ಹೋತ್ರೆಪೋ," ಎಂದಳು ಬೋರವ್ವ, ಸಣ್ಣ ದನಿಯಲ್ಲಿ.

ಕೆಳಗೆ ತ್ರಿಶಲಾಬಾಯಿ ತಾಟು ಮುಚ್ಚಿದರು. ರಾವಸಾಹೇಬರು ಕುರ್ಚಿಗೆ ಕುಸಿದರು. ಊಟವಂತೂ ಹೋಯಿತು, ಮಾತಾದರೂ ಉಳಿಯಲಿ ಎಂದು ಕಣ್ಣು ಪಿಳುಕಿಸದೆ ಕೂತರು. ತೊಂಬತ್ತೆಂಟು. ತೊಂಬತ್ತೊಂಬತ್ತು. ಪಟ್ಟಿ ಟಕ್ಕನೆ ಮಾಯವಾಯಿತು.

"ಮತ್ತ ಹೋತು!" ಎಂದು ರಾವಸಾಹೇಬರು ತಲೆಯ ಮೇಲೆ ಕೈ ಹೊತ್ತರು.

ಅದೇ ಹೊತ್ತಿಗೆ ಮುಧೋಳದಿಂದ ಬಂದ ಪ್ರಥಮ ಹೆಲ್ಮೆಟ್ ತೆಗೆಯುತ್ತಲೇ ಮಹಡಿ ಹತ್ತಿ ಬಂದ. ನೋಡಿದ, ನಕ್ಕ. "ಹೋಗಿಲ್ಲಪ್ಪಾ, ಬಂತು. ಕೆಳಗ ಮುಟ್ಟಿತು. ಕೆಲಸಾ ಮುಗೀತಂದ್ರ ಕಿಟಕಿ ತಾನ ಮುಚ್ಚಿಕೋತೈತಿ."

ರಾವಸಾಹೇಬರು ನಿಧಾನವಾಗಿ ತಲೆ ಎತ್ತಿದರು. "ಹಂಗಾರ... ಇಳಿಹೊತ್ತಿನ್ಯಾಗ ನಾ ನೀರ ಕುಡ್ಯಾಕ ಹೋದಾಗ ಮುಚ್ಚಿತ್ತಲ್ಲ, ಅದು?"

"ಮತ್ತ ಹಚ್ಚಿದಾಗ ಏನರೆ ಕೇಳ್ತೇನು? ಈಗಾಗಲೇ ಒಂದು ಐತಿ, ಅದನ್ನ ಅಳಿಸಿ ಇದನ್ನ ಹಾಕ್ಲೇನು ಅಂತ?"

"ಕೇಳ್ತು."

"ನೀವೇನಂದ್ರಿ?"

"ಹೂಂ ಅಂದೆ."

"ಆವಾಗನ ಬಂದಿತ್ತಪ್ಪಾ. ಬಂದ ಮದವಿ ಅಳಿಸಿ ಮತ್ತ ಮದವಿ ತರಿಸೀರಿ."

"ಕಾಟಾದ ಮ್ಯಾಲ ತೂಕ ಬಂದ್ರ ಗಾಡಿ ಇಳಿಯೂತನಕ ಅಂಕಿ ನಿಂತಿರತೈತೋ!" ಎಂದು ರಾವಸಾಹೇಬರು ಗುಡುಗಿದರು. "ಕೆಲಸಾ ಮುಗಿಸಿದಾಂವ ನಿಂತ ತೋರಸಬೇಕು. ಕಳ್ಳರಗತೆ ಓಡಿಹೋಗೂದೇನದು?" ಆಮೇಲೆ ದನಿ ಇಳಿಸಿದರು. "ಇರಲಿ. ನಿಯಮಾ ಅಂತೂ ತುಂಬಿತು. ನಾಳೆ ಹೊತ್ತ ಹುಟ್ಟಿದ ಕೂಡ್ಲೆ ಹೋಳಿಗಿ."

"ಎಲ್ಲಿ ತುಂಬಿತ್ರಿ?" ಕೆಳಗಿನಿಂದ ತ್ರಿಶಲಾಬಾಯಿ ಕೇಳಿದರು. "ನೂರು ನನ್ನ ಕಣ್ಣಿಲೆ ನೋಡು ತನಕಾ ಅಂದಿದ್ರಿ. ನೋಡಿದ್ರೇನು?"

ರಾವಸಾಹೇಬರು ನೋಡಿದ್ದು ತೊಂಬತ್ತೊಂಬತ್ತು.

"ಬೆಳಗಾದ ಕೂಡ್ಲೆ ಮತ್ತೊಮ್ಮಿ ಹಚ್ಚೂಣು. ನೆಟ್ಟ ನೋಡಕೋತ ಕುಂಡ್ರತೇನಿ," ಎಂದರು.

ಪ್ರಥಮ ಕತ್ತು ತುರಿಸಿಕೊಂಡ. "ನೂರು ಯಾರಿಗೂ ಕಾಣೂದಿಲ್ಲಪ್ಪಾ. ನಾ ಇಷ್ಟ ದಿವಸದಾಗ ಒಮ್ಮಿಯೂ ನೋಡಿಲ್ಲ. ತೊಂಬತ್ತೊಂಬತ್ತಕ್ಕ ಬಂದ ಮುಚ್ಚಿಬಿಡತೈತಿ."

ರಾವಸಾಹೇಬರು ಮಗನನ್ನು ನೋಡಿದರು, ಗುರಪ್ಪನನ್ನು ನೋಡಿದರು, ಕತ್ತಲಾದ ಕಿಟಕಿಯನ್ನು ನೋಡಿದರು. ಇನ್ನು ಆಯುಷ್ಯವಿಡೀ ಉಪವಾಸ. ಬಸದಿಯ ಪಂಡಿತರಿಗೆ ಫೋನು ಹಚ್ಚಿ, ತುಂಬಲಾಗದ ನಿಯಮದ ಕತೆಯನ್ನೆಲ್ಲ ಹೇಳಿದರು.

ಪಂಡಿತರು ಶಾಂತವಾಗಿ ಕೇಳಿಸಿಕೊಂಡರು. "ಅಂಜಬ್ಯಾಡ್ರಿ ರಾವಸಾಹೇಬ್ರ. ತಿಳೀಲಾರದ ತಗೊಂಡ ನಿಯಮಕ್ಕ ಪ್ರಾಯಶ್ಚಿತ್ತ ಐತಿ. ಭಾಳ ಹಗರಂದು ಐತಿ."

ರಾವಸಾಹೇಬರ ಮುಖಕ್ಕೆ ಜೀವ ಬಂತು. "ಏನ್ರಿ ಅದು? ಹೇಳ್ರಿ, ಈಗ ಮಾಡ್ತೇನಿ."

"ನಾಳೆ ಒಂದ ದಿನಾ ಉಪವಾಸ ಮಾಡಿಬಿಡ್ರಿ."

ಫೋನು ಇಟ್ಟು ಅವರು ಮೆಟ್ಟಿಲಿಳಿದು ಬಂದಾಗ ಪಡಸಾಲೆ ತುಂಬಿತ್ತು. ಜಕ್ಕಪ್ಪ ಆಗಲೇ ಟಿವಿ ಹಚ್ಚಿದ್ದ. ದೊಡ್ಡ ಪರದೆಯ ಮೇಲೆ ಮದುವೆಯ ಊಟದ ಪಂಕ್ತಿ ನಡೆದಿತ್ತು. ನಡುವೆ ಪಟಗಾ ಸುತ್ತಿಕೊಂಡ ರಾವಸಾಹೇಬರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಜಿಲೇಬಿಯ ಪರಾತ ಹಿಡಿದು ನಿಂತವನಿಗೆ "ಸಾಕ, ಸಾಕಾತು, ಹೊಟ್ಯಾಗ ಜಾಗಾ ಇಲ್ಲ" ಎಂದು ನಗುತ್ತಿದ್ದರು.

"ತಿನ್ರೀ ರಾವಸಾಬ್ರ," ಎಂದಳು ಬೋರವ್ವ ಟಿವಿಯ ಕಡೆಗೆ ಕೈ ಮಾಡಿ. "ಎಷ್ಟರೆ ನಾಚ್ತೀರಿ!"