ಹತ್ತು ದಿನದ ಗುಳಿಗೆ, ನಾಲ್ಕೇ ದಿನಕ್ಕೆ ಖಾಲಿ

ನನ್ನ ತಂಗಿಯ ಹೃದಯ ಕೆಡಿಸಿದವರು ನಾವೇ. ಸಣ್ಣವಳಿದ್ದಾಗ ಆಕೆಗೆ ಮತ್ತೆ ಮತ್ತೆ ಗಂಟಲು ನೋವು, ಜ್ವರ ಬರುತ್ತಿತ್ತು. ಜ್ವರ ಇಳಿದ ದಿನವೇ ಗುಳಿಗೆ ನಿಲ್ಲಿಸುತ್ತಿದ್ದೆವು. ಗಂಟಲಿನ ಸೋಂಕು ಹೃದಯದ ಕವಾಟಕ್ಕೆ ಪೆಟ್ಟು ಕೊಟ್ಟಿತು. ಇಂದಿಗೂ ಆಕೆ ಒಂದು ಕೊಡ ನೀರು ಎತ್ತಿದರೆ ತೇಕುತ್ತಾಳೆ. ಇಷ್ಟಾದರೂ ನಮಗೆ ಬುದ್ಧಿ ಬಂದಿಲ್ಲ. ಈ ಸಲ ಆಕೆಯ ಮಗಳ ಗಂಟಲು ಹಿಡಿದಾಗ ಏನೇನು ನಡೆಯಿತು ಎಂದು ಹೇಳುತ್ತೇನೆ. ನಗು ಬಂದರೆ ನಗಿರಿ, ಆದರೆ ಪೂರಾ ಓದಿ.

೧. ಅಂಗಿಯ ಚುಂಗು

ನಾನು ಮೂಡಲಗಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ತಂಗಿಯ ಮಗಳು ಅಲ್ಲಿನ ಶಾಲೆಯಲ್ಲೇ ಮೂರನೇ ಇಯತ್ತೆ. ಗೋಕಾಕದಿಂದ ಆಕೆಯ ಕಾಕಾ ಕರದಂಟು ತಂದಿದ್ದ. ಒಂದೇ ತುಂಡನ್ನು ಐದು ಹುಡುಗಿಯರು ಕಚ್ಚುತ್ತಿದ್ದರು. ಒಬ್ಬಳಿಗೆ ಆಗಲೇ ಗಂಟಲು ನೋವು.

"ಎಂಜಲ ತಿನಬ್ಯಾಡ ಅಂದಿದ್ನಿಲ್ಲ?" ಎಂದೆ.

"ಎಂಜಲ ಅಲ್ಲ ದೊಡ್ಡವ್ವಾ, ಕಾಗಿ ಎಂಜಲ. ಅಂಗಿ ಮುಚ್ಚಿ ಕಡದೇವಿ."

"ಯಾವ ಅಂಗಿ?"

"ನೀನ ಹೊಲದದ್ದು."

ಆ ಅಂಗಿಯ ಅಂಚಿನ ಚುಂಗಿನಿಂದಲೇ ಆಗಷ್ಟೇ ಐವರೂ ಉಗುಳು ಹಚ್ಚಿ ಪಾಟಿ ಒರೆಸಿದ್ದರು. ರೋಗ ಹಂಚುವ ಬಟ್ಟೆಗೆ ಕಾಜಾ ಗುಂಡಿ ಹಾಕಿಕೊಟ್ಟವಳು ನಾನೇ.

೨. ನೂರಕ್ಕೆ ನೂರು ಹಾಜರಿ

ನಾಲ್ಕು ದಿನಕ್ಕೆ ಹುಡುಗಿಗೆ ಜ್ವರ. ಉಗುಳು ನುಂಗಿದರೂ ನೋವು. ಆದರೂ ಶಾಲೆಗೆ ಹೋಗಿದ್ದಳು. ಕರೆತರಲು ಹೋದೆ. ಹುಕ್ಕೇರಿಯಿಂದ ಬಂದುಹೋಗುವ ಹೆಡ್ ಮಾಸ್ತರರು ಬಾಗಿಲಲ್ಲೇ ತಡೆದರು.

"ಶುಕ್ರವಾರ ಪೂರ್ಣ ಹಾಜರಿ ಬಹುಮಾನ ಐತ್ರಿ ಅಕ್ಕಾರ. ಎರಡ ದಿನ ತಡೀರಿ."

"ಮೈ ಸುಡಾಕತ್ತೈತ್ರಿ ಸರ. ಉಳದವ್ರಿಗೂ ಹತ್ತತೈತಿ."

"ಮನ್ಯಾಗ ಮಲಗೂದು ಇಲ್ಲೇ ಮಲಗಲಿ ಬಿಡ್ರಿ. ಹಾಜರಿ ಉಳೀತೈತಿ."

ನಾನು ಕೇಳಲಿಲ್ಲ, ಕರೆತಂದೆ. ಶುಕ್ರವಾರ ಬಹುಮಾನದ ಒಂಬತ್ತು ಮಕ್ಕಳಲ್ಲಿ ಏಳು ಮಕ್ಕಳು ಜ್ವರದಿಂದ ಗೈರು. ಹೆಡ್ ಮಾಸ್ತರರೂ ಗೈರು. ಅವರ ಗಂಟಲೂ ಕಟ್ಟಿತ್ತು. ರಜೆ ಕೇಳಲು ಅವರ ಹೆಂಡತಿ ಫೋನ್ ಮಾಡಿದ್ದರು.

೩. ಡಾಕ್ಟರರ ಮುಂದೆ

ಹುಡುಗಿಯನ್ನು ಶಾಲೆಯಿಂದ ಕರೆತಂದ ದಿನವೇ ಗೋಕಾಕದ ಡಾಕ್ಟರರಿಗೆ ತೋರಿಸಿದೆವು. ತಂಗಿಯ ಅತ್ತೆಯೂ ಬಂದಿದ್ದರು.

"ಇದು ಐಸ್ ಕ್ಯಾಂಡಿ ರೋಗ ಐತ್ರಿ" ಎಂದು ಕೂರುವ ಮೊದಲೇ ತೀರ್ಪು ಕೊಟ್ಟರು.

ಡಾಕ್ಟರರು ಬಾಯಿ ತೆರೆಸಿದರು. ಗಂಟಲಲ್ಲಿ ಬಿಳಿ ಕಲೆ, ಕುತ್ತಿಗೆಯಲ್ಲಿ ಗಂಟು. ಕೆಮ್ಮಿಲ್ಲ, ನೆಗಡಿಯಿಲ್ಲ. ಹತ್ತಿಕಡ್ಡಿಯಿಂದ ಗಂಟಲು ಒರೆಸಿ ಪರೀಕ್ಷೆಗೆ ಕಳಿಸಿದರು. ಸ್ಟ್ರೆಪ್ ಎಂಬ ಸೋಂಕು ಎಂದು ಬಂತು.

"ದಿನಕ್ಕ ಎರಡ, ಹತ್ತ ದಿನ. ಮೂರನೇ ದಿನಕ್ಕ ಈಕಿ ಕುಣೀತಾಳ, ನಂಬಬ್ಯಾಡ್ರಿ. ಜ್ವರ ಬಿಟ್ಟು ಒಂದ ದಿನ ಗುಳಿಗಿ ಹೊಟ್ಟ್ಯಾಗ ಹೋದ ಮ್ಯಾಲೆ ಸಾಲಿಗೆ ಕಳಸ್ರಿ" ಎಂದರು.

ಅತ್ತೆ ತಲೆಯಾಡಿಸಿದರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಐಸ್ ಕ್ಯಾಂಡಿಗೂ ಇದ ಗುಳಿಗಿ ನಡೀತೈತಿ ಬಿಡು" ಎಂದರು.

೪. ಎಲ್ಲಾರಿಗೂ ಒಂದೊಂದು

ನಾಲ್ಕನೇ ದಿನ ತಂಗಿಯ ಮನೆಗೆ ಹೋದೆ. ಹುಡುಗಿ ಕುಣಿಯುತ್ತಿದ್ದಳು. ಗೋಡೆಯ ಮಾಡದಲ್ಲಿ ಗುಳಿಗೆಯ ಪಾಕೀಟು ಖಾಲಿ.

"ಉಳದದ್ದೆಲ್ಲಿ ಅತ್ತಿ?"

"ಆಕಿ ಆರಾಮ ಆದ್ಲಲ್ಲವ್ವಾ. ಒಂದ ಕೂಸಿಗೆ ಕೊಟ್ಟು ಉಳದ ಕೂಸುಗಳಿಗೆ ತೋರಿಸಿ ಇಡೂದು ನಮ್ಮ ಮನ್ಯಾಗ ಇಲ್ಲ. ಹಂಚಿಬಿಟ್ಟೆ."

"ಯಾರಿಗೆ?"

"ಮೊಮ್ಮಕ್ಕಳಿಗೆ ಒಂದೊಂದ. ಬಾಜೂ ಮನಿ ಅವಳಿ ಹುಡುಗ್ರಿಗೆ ಎರಡೆರಡ. ಪಾಪ, ಮಾಸ್ತರಗೂ ಕಳಿಸೇನಿ. ಆಕಳ ಕರಾ ಕೆಮ್ಮಾಕತ್ತಿತ್ತು, ಬೆಲ್ಲದಾಗ ಅದಕ್ಕೂ ಇಟ್ಟೆ."

ತಂಗಿ ಬಾಗಿಲಲ್ಲಿ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಅತ್ತಿ, ನನಗೂ ಹಿಂಗ ನಡುವ ಬಿಟ್ಟಿದ್ರು" ಎಂದಳು, ಅಷ್ಟೇ. ಮುದುಕಿ ಆಕೆಯ ಏದುಸಿರನ್ನು ನೋಡುತ್ತ ಕುಳಿತರು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡರು.

ಗೋಕಾಕದಲ್ಲಿ ಡಾಕ್ಟರರು ಬಯ್ದು ಹೊಸದಾಗಿ ಬರೆಯಲು ಕುಳಿತರು. ಅತ್ತೆ ಕೈ ಮುಗಿದು, "ಈ ಸಲ ಹೆಚ್ಚ ಬರೀರಿ ಸಾಹೇಬ್ರ. ಆಕಿದು ಆಕಿಗೆ ಇರಲಿ, ಹಂಚಾಕ ಬ್ಯಾರೆ ಕೊಡ್ರಿ" ಎಂದರು.

ಡಾಕ್ಟರರು ಪೆನ್ನು ಕೆಳಗಿಟ್ಟರು. "ಕರಾದ್ದು ಯಾವ ಹೆಸರಲೆ ಬರೀಲಿ?"

ಹುಡುಗಿಗೆಂದು ಹೊಸದಾಗಿ ಬರೆದುಕೊಟ್ಟ ಗುಳಿಗೆಗಳನ್ನು ಅತ್ತೆ ತಮ್ಮ ಎಲಿ ಅಡಿಕಿ ಚೀಲದಲ್ಲಿಟ್ಟರು. ಊರಿಗೆಲ್ಲ ಹಂಚುವ ಮುದುಕಿ ಆ ಚೀಲಕ್ಕೆ ಮಾತ್ರ ಯಾರಿಗೂ ಕೈ ಹಾಕಗೊಟ್ಟವರಲ್ಲ. ಹುಡುಗಿ ಕೊನೆಯದರ ತನಕ ನುಂಗಿದಳು.

ನೀವೀಗ ಎದ್ದು ನಿಮ್ಮ ಮಾಡದಲ್ಲಿ ಕೈಯಾಡಿಸಿ. ಮಗುವಿನ ಗಂಟಲಿಗೆಂದು ತಂದ ಗುಳಿಗೆ ಅರ್ಧ ಉಳಿದಿದ್ದರೆ ಯಾರಿಗೂ ಹಂಚಬೇಡಿ. ಪಾಕೀಟು ಹಿಡಿದು, ಮಗುವನ್ನು ಕರೆದುಕೊಂಡು ಇವತ್ತೇ ಡಾಕ್ಟರರ ಹತ್ತಿರ ಹೋಗಿ.