ಬಿಗಿಯಾದ ಉಡದಾರ

ಅಮಾವಾಸ್ಯೆಯ ಮುಂಜಾನೆ ಸ್ನಾನಕ್ಕೆ ಕೂತ ಬಸಲಿಂಗಯ್ಯ ಮಾಸ್ತರರ ಪ್ರಾಣ ಅವರ ಉಡದಾರಕ್ಕೆ ಸಿಕ್ಕಿಹಾಕಿಕೊಂಡಿತು. ಹಿಂದಿನ ಅಮಾವಾಸ್ಯೆಗೆ ಹೆಂಡತಿ ಅಕ್ಕನಾಗಮ್ಮ ಸೊಂಟಕ್ಕೆ ಕಟ್ಟಿದ ಹೊಸ ನೂಲಿನ ಉಡದಾರ. ಅಂದು ಎರಡು ಬೆರಳು ಸಲೀಸಾಗಿ ಹೋಗುತ್ತಿದ್ದವು, ಇಂದು ಕಿರುಬೆರಳೂ ನುಸುಳಲಿಲ್ಲ.

ಬೇರೆ ದಿನವಾಗಿದ್ದರೆ ಮಾಸ್ತರರು ನಕ್ಕು ಬಿಡುತ್ತಿದ್ದರು. ಆದರೆ ಅಂದೇ ಮಧ್ಯಾಹ್ನ ವಿಮಾ ಕಂಪನಿಯ ಡಾಕ್ಟರರು ವಿಜಾಪುರದಲ್ಲಿ ಅವರನ್ನು ನೋಡುವವರಿದ್ದರು. ಏಜೆಂಟನಾಗಿದ್ದ ಹೆಂಡತಿಯ ತಮ್ಮ ಅಮರಪ್ಪ ಮೊದಲೇ ಹೇಳಿದ್ದ: ಡಾಕ್ಟರರು ಎದೆಗೊಮ್ಮೆ, ಹೊಟ್ಟೆಗೊಮ್ಮೆ ಟೇಪು ಹಿಡಿಯುತ್ತಾರೆ, ಹೊಟ್ಟೆ ಎದೆಯನ್ನು ಮೀರಿದರೆ ಒಳಗೆ ಕೊಬ್ಬು ಕೂತಿದೆ ಎಂದರ್ಥ, ಅಂಥವರಿಗೆ ಆಯುಷ್ಯ ಕಡಿಮೆ, ಕಂಪನಿ ಮುಟ್ಟುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದರೂ ರೇಷನ್ ಮುಗಿಯದ ಕಾಲ. ಇಡೀ ತಿಕೋಟಾ ಊರೇ ಸೊರಗಿದ್ದಾಗ ತಮ್ಮ ಹೊಟ್ಟೆಯೊಂದೇ ಹೇಗೆ ಬೆಳೆಯಿತೆಂದು ಮಾಸ್ತರರಿಗೆ ನಡುಕ ಹತ್ತಿತು.

ಪಕ್ಕದ ಮನೆಯ ಲಕ್ಕವ್ವ ಸಮಾಧಾನ ಹೇಳಲೆಂದೇ ಬಂದಳು.

“ನಮ್ಮ ಕನಮಡಿ ಊರಾಗಿನ ಕಾಕಾಗೂ ಹಿಂಗs ಉಡದಾರ ಬಿಗೀ ಆಗಿತ್ರಿ, ಅಯ್ಯನವರ. ಮುಂದಿನ ಅಮಾಸಿ ಕಾಣಲಿಲ್ಲ ನೋಡ್ರಿ.”

ಕಾಕಾನನ್ನು ಎತ್ತು ಹಾಯ್ದು ಕೊಂದಿತ್ತೆಂದು ಆಕೆ ಮುಂದೆ ಹೇಳುವವಳಿದ್ದಳು. ಅಷ್ಟರಲ್ಲಿ ಮಾಸ್ತರರು ಒಳಗೆ ಹೋಗಿ ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು.

ಸಾಲೆಯ ಪ್ರಲ್ಹಾದ ಮಾಸ್ತರ ತನ್ನ ಪಾಲಿನ ಉಪದೇಶ ತಂದ. ಹನಿ ನೀರೂ ಕುಡಿಯಬಾರದು, ಬಸ್ಸು ಹತ್ತಬಾರದು, ವಿಜಾಪುರದ ತನಕ ನಡೆದೇ ಹೋದರೆ ಒಂದಿಂಚಾದರೂ ಇಳಿಯುತ್ತದೆ ಎಂದ. ಬಸಲಿಂಗಯ್ಯನವರು ಹನ್ನೊಂದು ಮೈಲಿ ನಡೆದರು. ಪ್ರತಿ ಮೈಲಿಗಲ್ಲಿಗೂ ನಿಂತು ಉಡದಾರದೊಳಗೆ ಬೆರಳು ಹಾಕಿ ನೋಡಿದರು. ಎದೆ ಢವಢವ ಎಂದಾಗಲೆಲ್ಲ ಇಲ್ಲೇ ಕತೆ ಮುಗಿಯಿತೆಂದು ರಸ್ತೆಯ ಮೇಲೆಯೇ ಶಿವನಾಮ ಹೇಳಿದರು.

ಸ್ಟೇಷನ್ ರಸ್ತೆ ಮುಟ್ಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು ರುದ್ರವ್ವನ ಖಾನಾವಳಿಯ ಕಟ್ಟೆಯ ಮೇಲೆ ಕುಸಿದರು. ಏನಾಯಿತೆಂದು ಆಕೆ ಕೇಳಿದ್ದೇ ತಡ, ಇದ್ದದ್ದನ್ನೆಲ್ಲ ಹೇಳಿಕೊಂಡು ಅತ್ತೇಬಿಟ್ಟರು. ರುದ್ರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

“ಹೊಸಾ ನೂಲು ದಿನಾ ನೀರ ಕಂಡ್ರ ಕುಗ್ಗೂದs ಐತಿ, ಯಪ್ಪಾ. ಹೊಟ್ಟಿ ಬೆಳದಿಲ್ಲ, ದಾರ ಗಿಡ್ಡ ಆಗೇತಿ. ಏಳ್ರಿ, ಊಟಾ ಮಾಡ್ರಿ.”

ಹೋದ ಜೀವ ಬಂದಂತಾಯಿತು. ಜೀವದ ಬೆನ್ನಿಗೇ ಹಸಿವೆಯೂ ಬಂತು. ಮೂರು ಬಿಸಿ ರೊಟ್ಟಿ, ಎಣ್ಣೆಗಾಯಿ, ಅಮಾವಾಸ್ಯೆಯೆಂದು ಆಕೆ ಮಾಡಿದ್ದ ಶೇಂಗಾ ಹೋಳಿಗೆ ನಾಲ್ಕು, ಮೇಲೆ ಎರಡು ತಂಬಿಗೆ ಮಜ್ಜಿಗೆ. ತೇಗುತ್ತ ಡಾಕ್ಟರರ ಮುಂದೆ ಹೋಗಿ ನಿಂತರು.

ಎದೆ ಮೂವತ್ತೇಳು ಇಂಚು, ಹೊಟ್ಟೆ ಮೂವತ್ತೆಂಟೂವರೆ. ಡಾಕ್ಟರರು ಟೇಪು ಸುತ್ತಿಟ್ಟು, ಆರು ತಿಂಗಳು ಬಿಟ್ಟು ಬರ್ರಿ ಎಂದರು.

“ಅಲ್ಲೀತನಕ ಇರತೇನ್ರಿ ನಾ?” ಎಂದು ಮಾಸ್ತರರು ಕೇಳುವಷ್ಟರಲ್ಲಿ ಮುಂದಿನವನು ಅಂಗಿ ಬಿಚ್ಚುತ್ತಿದ್ದ.

ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ತಿಕೋಟಾಕ್ಕೆ ಮರಳುವಾಗ ಮಾಸ್ತರರು ಬುದ್ಧಿ ಓಡಿಸಿದರು. ಮೀರಿದ್ದು ಒಂದೂವರೆ ಇಂಚು. ಅದು ರುದ್ರವ್ವನ ಹೋಳಿಗೆಯದು, ನಾಳೆಗೆ ಕರಗುತ್ತದೆ. ಉಡದಾರವಂತೂ ತಾನೇ ಕುಗ್ಗಿದ್ದು. ಮನೆ ಮುಟ್ಟುವ ಹೊತ್ತಿಗೆ ಮುಖ ಅರಳಿತ್ತು. ದಾರ ಕುಗ್ಗಿದ ಸಂಗತಿಯನ್ನು ಹೆಂಡತಿಗೆ ನಗುನಗುತ್ತ ಹೇಳಿದರು.

ಅಕ್ಕನಾಗಮ್ಮ ನಗಲಿಲ್ಲ.

“ಅದು ಹೆಂಗ ಕುಗ್ಗತೈತ್ರಿ? ಮೂರ ದಿನ ನೀರಾಗ ನೆನಿ ಹಾಕಿ, ಒಣಗಿಸೇ ಕಟ್ಟೀನಿ. ನೀವು ಅಂಜತೀರಂತ ಹೇಳಿರಲಿಲ್ಲ. ಈ ತಿಂಗಳದಾಗ ನೀವು ಮಲಗಿದಾಗ ಎರಡ ಸಲ ಬಿಚ್ಚಿ ಸಡ್ಲ ಮಾಡೀನಿ.”

ಮಾಸ್ತರರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೊರಗಿದರು. ಅಕ್ಕನಾಗಮ್ಮ ತಾಟು ಹಾಕಿ, ಅಮಾವಾಸ್ಯೆಯ ಹೋಳಿಗೆ ಆರುತ್ತವೆ, ಏಳ್ರಿ ಎಂದು ಕರೆದಳು.

“ಮುಂದಿನ ಅಮಾಸಿಗೆ ಎಷ್ಟ ದಿನ ಅದಾವ?” ಎಂದು ಮಾಸ್ತರರು ಸಣ್ಣ ದನಿಯಲ್ಲಿ ಕೇಳಿದರು.